ಬ್ರೌಸರ್ ಆಟೊಮೇಶನ್ ಸ್ಕ್ರಿಪ್ಟ್‌ಗಳಲ್ಲಿ ಸೆಟ್‌ಇಂಟರ್ವಲ್ ಟೈಮರ್ ನಿಲ್ಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಟದಲ್ಲಿ ಒಂದು ಬಟನ್ ಕಾಣಿಸಿಕೊಳ್ಳುವವರೆಗೆ ಕಾಯುವುದು, ಪಟ್ಟಿ ಮುಗಿಯುವವರೆಗೆ ‘ಇನ್ನಷ್ಟು ತೋರಿಸು’ ಎಂಬುದನ್ನು ಒತ್ತುತ್ತಿರುವುದು, ಅರ್ಜಿಯ ಸ್ಥಿತಿ ಬದಲಾಯಿತೇ ಎಂದು ಆಗಾಗ ನೋಡುವುದು, ಇಂಥ ಕೆಲಸಗಳಿಗೆ ಬಹಳಷ್ಟು ಮಂದಿ ಸೆಟ್‌ಇಂಟರ್ವಲ್ (ಕೊಟ್ಟ ಫಂಕ್ಷನನ್ನು ನಿಗದಿತ ಅಂತರದಲ್ಲಿ ಮತ್ತೆ ಮತ್ತೆ ಓಡಿಸುವ ಜಾವಾಸ್ಕ್ರಿಪ್ಟ್ ಟೈಮರ್) ಬಳಸುತ್ತಾರೆ. ಅದನ್ನು ಆರಂಭಿಸಲು ಒಂದು ಸಾಲು ಸಾಕು. ಸರಿಯಾಗಿ ನಿಲ್ಲಿಸಲು ಮಾತ್ರ ಅದು ಒಳಗೆ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರಬೇಕು. ಸೆಕೆಂಡಿಗೊಮ್ಮೆ ಸರ್ವರನ್ನು ಕೇಳುವ ಟೈಮರ್ ಒಂದನ್ನು ಮರೆತುಬಿಟ್ಟರೆ ದಿನಕ್ಕೆ 86,400 ಕೋರಿಕೆಗಳು ಹೋಗುತ್ತವೆ. ಆ ಹೊರೆ ಬೀಳುವುದು ಬೇರೆ ಯಾರದೋ ಸರ್ವರಿನ ಮೇಲೆ. ಆದ್ದರಿಂದ ಟೈಮರ್ ಆರಂಭಿಸುವ ಸಾಲನ್ನು ಬರೆಯುವಾಗಲೇ ಅದನ್ನು ಯಾರು, ಯಾವಾಗ ನಿಲ್ಲಿಸುತ್ತಾರೆ ಎಂಬುದನ್ನೂ ಬರೆದಿಡಬೇಕು ಎಂಬ ನಿಲುವಿನಿಂದಲೇ ಈ ಉತ್ತರಗಳನ್ನು ಬರೆಯಲಾಗಿದೆ.

ಟೈಮರನ್ನು ನಿಲ್ಲಿಸುವ ಸರಿಯಾದ ಕ್ರಮ ಯಾವುದು?

ಸೆಟ್‌ಇಂಟರ್ವಲ್ ಕರೆದ ಕೂಡಲೇ ಅದು ಒಂದು ಗುರುತನ್ನು ಹಿಂದಿರುಗಿಸುತ್ತದೆ. ಬ್ರೌಸರಿನಲ್ಲಿ ಅದು ಸೊನ್ನೆಗಿಂತ ದೊಡ್ಡದಾದ ಒಂದು ಪೂರ್ಣಾಂಕ. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಅದೊಂದು ಆಬ್ಜೆಕ್ಟ್. ಆ ಗುರುತನ್ನು ವೇರಿಯಬಲ್ ಒಂದರಲ್ಲಿ ಇಟ್ಟುಕೊಂಡು, ಕೆಲಸ ಮುಗಿದಾಗ ಅದನ್ನೇ ಟೈಮರ್ ನಿಲ್ಲಿಸುವ ಫಂಕ್ಷನ್ ಆದ ಕ್ಲಿಯರ್‌ಇಂಟರ್ವಲ್‌ಗೆ ಕೊಡಬೇಕು. ಟೈಮರಿಗೆ ಕೊಟ್ಟ ಫಂಕ್ಷನ್‌ನ ಹೆಸರನ್ನು ಕೊಟ್ಟರೆ ಏನೂ ನಿಲ್ಲುವುದಿಲ್ಲ. ಆರಂಭಿಸುವ ಕೋಡಿಗೂ ನಿಲ್ಲಿಸುವ ಕೋಡಿಗೂ ಆ ವೇರಿಯಬಲ್ ಕಾಣುವಂತಿರಬೇಕು, ಅಂದರೆ ಎರಡನ್ನೂ ಸುತ್ತುವರಿದ ಸ್ಕೋಪಿನಲ್ಲಿ (ಕೋಡಿನ ವ್ಯಾಪ್ತಿಯಲ್ಲಿ) ಅದನ್ನು ಘೋಷಿಸಿರಬೇಕು.

ಬ್ರೌಸರ್ ಮತ್ತು ನೋಡ್ ನಡುವಿನ ಈ ವ್ಯತ್ಯಾಸಕ್ಕೆ ಕಾರಣವಿದೆ. ಟೈಮರ್‌ಗಳು ಜಾವಾಸ್ಕ್ರಿಪ್ಟ್ ಭಾಷೆಯ ಮಾನಕವಾದ ಇಸಿಎಂಎಸ್ಕ್ರಿಪ್ಟ್‌ನಲ್ಲಿ ಇಲ್ಲ. ಬ್ರೌಸರಿನಲ್ಲಿ ಅವು ಎಚ್‌ಟಿಎಂಎಲ್ ಮಾನಕಕ್ಕೆ ಸೇರಿದವು, ನೋಡ್ ತನ್ನದೇ ಟೈಮರ್‌ಗಳನ್ನು ಕಟ್ಟಿಕೊಂಡಿದೆ. ಆಟೊಮೇಶನ್ ಬರೆಯುವವರು ಒಂದೇ ಕಡತದಲ್ಲಿ ಈ ಎರಡೂ ಲೋಕಗಳಲ್ಲಿ ಕೆಲಸ ಮಾಡುತ್ತಾರೆ ಎಂಬುದನ್ನು ಮುಂದಿನ ಕೆಲವು ಉತ್ತರಗಳಿಗಾಗಿ ನೆನಪಿಡಿ.

ಕ್ಲಿಯರ್‌ಇಂಟರ್ವಲ್ ಕರೆದೆ, ದೋಷದ ಸಂದೇಶವೂ ಬರಲಿಲ್ಲ. ಆದರೂ ಫಂಕ್ಷನ್ ಓಡುತ್ತಲೇ ಇದೆ. ಏಕೆ?

ಕ್ಲಿಯರ್‌ಇಂಟರ್ವಲ್‌ಗೆ ಇಲ್ಲದ ಸಂಖ್ಯೆಯನ್ನೋ, ಬೆಲೆಯೇ ಇಲ್ಲದ ವೇರಿಯಬಲ್ಲನ್ನೋ ಕೊಟ್ಟರೂ ಅದು ದೂರುವುದಿಲ್ಲ, ಸುಮ್ಮನಿರುತ್ತದೆ. ಹಾಗಾಗಿ ದೋಷ ಬರಲಿಲ್ಲ ಎಂಬುದು ಟೈಮರ್ ನಿಂತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಅದೇ ವೇಳೆ, ಸರಿಯಾದ ಗುರುತನ್ನು ಕೊಟ್ಟು ಕರೆದಿದ್ದರೆ ಆ ಟೈಮರಿನ ಮುಂದಿನ ಸರದಿ, ಅಂದರೆ ಫಂಕ್ಷನ್ನಿನ ಮುಂದಿನ ಓಟ, ಖಂಡಿತ ಬರುವುದಿಲ್ಲ: ಸರದಿ ಆಗಲೇ ಸಾಲಿನಲ್ಲಿ ನಿಂತಿದ್ದರೂ, ಓಡಿಸುವ ಮುನ್ನ ಬ್ರೌಸರ್ ಆ ಗುರುತು ಇನ್ನೂ ಪಟ್ಟಿಯಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ಕೈಬಿಡುತ್ತದೆ. ಇದರಿಂದ ರೋಗನಿರ್ಣಯ ಸುಲಭವಾಗುತ್ತದೆ. ಫಂಕ್ಷನ್ ಹೊಸ ಸರದಿಯಲ್ಲಿ ಇನ್ನೂ ಓಡುತ್ತಿದ್ದರೆ, ನೀವು ನಿಲ್ಲಿಸಿದ್ದು ಒಂದು ಟೈಮರ್, ಓಡುತ್ತಿರುವುದು ಇನ್ನೊಂದು.

ಇನ್ನೊಂದು ಎಲ್ಲಿಂದ ಬಂತು ಎಂದರೆ, ಹೆಚ್ಚಿನ ಸಲ ಆರಂಭಿಸುವ ಫಂಕ್ಷನ್ ಎರಡು ಬಾರಿ ನಡೆದಿರುತ್ತದೆ. ಮೊದಲ ಸಲ ವೇರಿಯಬಲ್‌ನಲ್ಲಿ 7 ಎಂಬ ಗುರುತು ಕುಳಿತಿತು ಎಂದುಕೊಳ್ಳಿ. ಬಳಕೆದಾರರು ‘ಆರಂಭಿಸು’ ಬಟನ್ನನ್ನು ಮತ್ತೊಮ್ಮೆ ಒತ್ತಿದರು, ಅಥವಾ ಪುಟದ ಒಂದು ಘಟನೆ ಎರಡು ಸಲ ಸಂಭವಿಸಿತು; ಈಗ ಅದೇ ವೇರಿಯಬಲ್‌ನಲ್ಲಿ 12 ಬಂದು ಕುಳಿತಿತು. 7 ಎಂಬ ಗುರುತು ಇನ್ನು ಯಾರ ಬಳಿಯೂ ಇಲ್ಲ, ಆದರೆ ಆ ಟೈಮರ್ ಓಡುತ್ತಿದೆ. ಇದಕ್ಕೆ ಪರಿಹಾರವೆಂದರೆ, ಆರಂಭಿಸುವ ಫಂಕ್ಷನ್‌ನ ಮೊದಲ ಸಾಲಿನಲ್ಲೇ ಹಳೆಯ ಗುರುತಿಗೆ ಕ್ಲಿಯರ್‌ಇಂಟರ್ವಲ್ ಕರೆಯುವುದು, ನಿಲ್ಲಿಸಿದ ಮೇಲೆ ವೇರಿಯಬಲ್ಲಿಗೆ ನಲ್ (ಏನೂ ಇಲ್ಲ ಎಂಬ ಬೆಲೆ) ಎಂದು ಬರೆಯುವುದು. ಇಲ್ಲದ ಗುರುತಿಗೂ ಕ್ಲಿಯರ್‌ಇಂಟರ್ವಲ್ ತಕರಾರು ಮಾಡುವುದಿಲ್ಲವಾದ್ದರಿಂದ ಈ ಸಾಲು ಎಂದಿಗೂ ಅಪಾಯಕಾರಿಯಲ್ಲ.

ಎರಡನೆಯ ಕಾರಣ, ಒಳಗಿನ ಬ್ಲಾಕ್‌ನಲ್ಲಿ ಲೆಟ್ ಬಳಸಿ ಅದೇ ಹೆಸರಿನ ವೇರಿಯಬಲ್ಲನ್ನು ಮತ್ತೆ ಘೋಷಿಸಿರುವುದು. ಗುರುತು ಒಳಗಿನದರಲ್ಲಿ ಕೂರುತ್ತದೆ, ಹೊರಗಿನದು ಖಾಲಿಯಾಗಿಯೇ ಉಳಿಯುತ್ತದೆ. ಮೂರನೆಯದು ಐಫ್ರೇಮ್, ಅಂದರೆ ಪುಟದೊಳಗೆ ಕೂರಿಸಿದ ಇನ್ನೊಂದು ಪುಟ. ಪ್ರತಿ ವಿಂಡೋಗೂ ತನ್ನದೇ ಟೈಮರ್ ಪಟ್ಟಿ ಇರುತ್ತದೆ. ಐಫ್ರೇಮ್ ಒಳಗೆ ಹುಟ್ಟಿದ ಟೈಮರಿನ ಗುರುತನ್ನು ಹೊರಗಿನ ಪುಟದ ಕ್ಲಿಯರ್‌ಇಂಟರ್ವಲ್‌ಗೆ ಕೊಟ್ಟರೆ ಅದು ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ಹೊರಗಿನ ಪುಟದಲ್ಲಿ ಅದೇ ಸಂಖ್ಯೆಯ ಬೇರೆ ಟೈಮರ್ ಇದ್ದರೆ ಅದು ನಿಂತುಹೋಗುತ್ತದೆ.

ಪುಟದಲ್ಲಿ ಬಟನ್ ಸಿಕ್ಕಿದಾಗ ನಿಲ್ಲಿಸು ಎಂದು ಬರೆದಿದ್ದೇನೆ. ಬಟನ್ ಒತ್ತಲಾಗುತ್ತದೆ, ಆದರೆ ಟೈಮರ್ ನಿಲ್ಲುವುದಿಲ್ಲ, ಕನ್ಸೋಲ್‌ನಲ್ಲಿ ಕೆಂಪು ಸಾಲುಗಳು ಬೀಳುತ್ತಲೇ ಇರುತ್ತವೆ. ಇದೇನು?

ಇದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಇದೇ ಅತಿ ಹೆಚ್ಚು ಕಾಣುವ ತೊಂದರೆ. ಫಂಕ್ಷನ್‌ನಲ್ಲಿ ಮೂರು ಸಾಲುಗಳಿವೆ ಎಂದುಕೊಳ್ಳಿ. ಮೊದಲನೆಯದು ಕ್ವೆರಿಸೆಲೆಕ್ಟರ್ ಮೂಲಕ ಬಟನ್ ಹುಡುಕಿ ಅದನ್ನು ಒತ್ತುತ್ತದೆ. ಎರಡನೆಯದು ಪಕ್ಕದ ಸಂದೇಶದ ಪೆಟ್ಟಿಗೆಯಲ್ಲಿರುವ ಪಠ್ಯವನ್ನು ಓದುತ್ತದೆ. ಮೂರನೆಯದು ಕ್ಲಿಯರ್‌ಇಂಟರ್ವಲ್. ಬಟನ್ ಒತ್ತಿದ್ದಾಯಿತು, ಆದರೆ ಸಂದೇಶದ ಪೆಟ್ಟಿಗೆ ಆ ಪುಟದಲ್ಲಿ ಇಲ್ಲ. ಕ್ವೆರಿಸೆಲೆಕ್ಟರ್ ನಲ್ ಕೊಟ್ಟಿತು, ನಲ್‌ನ ಪಠ್ಯವನ್ನು ಓದಹೊರಟಾಗ ಟೈಪ್‌ಎರರ್ ಬಂತು, ಫಂಕ್ಷನ್ ಅಲ್ಲಿಗೇ ಮುರಿದುಬಿತ್ತು. ಮೂರನೆಯ ಸಾಲನ್ನು ತಲುಪಲೇ ಇಲ್ಲ.

ಬ್ರೌಸರಿನಲ್ಲಿ ಟೈಮರಿನ ಫಂಕ್ಷನ್ ಒಳಗೆ ದೋಷ ಎದ್ದರೆ ಆ ಸರದಿ ಮಾತ್ರ ಮುರಿಯುತ್ತದೆ. ಟೈಮರ್ ಉಳಿದುಕೊಂಡು ಮುಂದಿನ ಸರದಿಗೆ ಮತ್ತೆ ಬರುತ್ತದೆ, ಮತ್ತೆ ಬಟನ್ ಒತ್ತುತ್ತದೆ, ಮತ್ತೆ ಮುರಿಯುತ್ತದೆ. ಅದು ಅರ್ಜಿ ಸಲ್ಲಿಸುವ ಬಟನ್ ಆಗಿದ್ದರೆ ಪರಿಣಾಮ ಏನೆಂದು ಊಹಿಸಬಹುದು. ಆದ್ದರಿಂದ ಕ್ರಮವನ್ನು ತಿರುಗಿಸಿ ಬರೆಯಬೇಕು: ಮೊದಲು ಹುಡುಕು, ಸಿಗದಿದ್ದರೆ ರಿಟರ್ನ್, ಸಿಕ್ಕಿದ್ದರೆ ಮೊದಲು ಟೈಮರ್ ನಿಲ್ಲಿಸು, ಆಮೇಲೆ ಒತ್ತು, ಉಳಿದದ್ದು ಅದಾದ ಮೇಲೆ. ನಿಲ್ಲಿಸುವ ಸಾಲನ್ನು ಕೊನೆಯಲ್ಲಿ ಬರೆಯುವುದು ಓದಲು ಸಹಜವಾಗಿ ಕಾಣುತ್ತದೆ, ಆದರೆ ಒಮ್ಮೆ ಮಾತ್ರ ನಡೆಯಬೇಕಾದ ಕೆಲಸದಲ್ಲಿ ಅದು ತಪ್ಪು ಜಾಗ.

ನೋಡ್‌ನಲ್ಲಿ ನಡವಳಿಕೆ ಬೇರೆ. ಅಲ್ಲಿ ಟೈಮರ್ ಫಂಕ್ಷನ್‌ನಲ್ಲಿ ಎದ್ದ ದೋಷವನ್ನು ಯಾರೂ ಹಿಡಿಯದಿದ್ದರೆ ಇಡೀ ಪ್ರಕ್ರಿಯೆಯೇ ಕೊನೆಗೊಳ್ಳುತ್ತದೆ.

ಫಂಕ್ಷನ್ ಒಳಗಿನಿಂದಲೇ ಕ್ಲಿಯರ್‌ಇಂಟರ್ವಲ್ ಕರೆದರೆ ಫಂಕ್ಷನ್ ಅಲ್ಲಿಗೇ ನಿಲ್ಲುತ್ತದೆಯೇ?

ಇಲ್ಲ. ಮುಂದಿನ ಸರದಿಗಳು ರದ್ದಾಗುತ್ತವೆ, ನಡೆಯುತ್ತಿರುವ ಸರದಿ ಕೊನೆಯ ಸಾಲಿನವರೆಗೂ ಹೋಗುತ್ತದೆ. ಅಲ್ಲಿಯೇ ಹೊರಬರಬೇಕಿದ್ದರೆ ರಿಟರ್ನ್ ಬರೆಯಬೇಕು.

ಟೈಮರ್ ಫಂಕ್ಷನನ್ನು ಅಸಿಂಕ್ (ನಡುವೆ ಕಾದು ಮುಂದುವರಿಯುವ ಬಗೆಯದು) ಮಾಡಿದ್ದೇನೆ. ನಿಲ್ಲಿಸಿದ ಮೇಲೂ ಎರಡು ಮೂರು ಸಲ ಕೆಲಸ ನಡೆಯುತ್ತದೆ. ಮೇಲೆ ಹೇಳಿದ್ದಕ್ಕೆ ಇದು ವಿರುದ್ಧವಲ್ಲವೇ?

ವಿರುದ್ಧವಲ್ಲ. ಸೆಟ್‌ಇಂಟರ್ವಲ್‌ಗೆ ಪ್ರಾಮಿಸ್ (ಮುಂದೆ ಬರಲಿರುವ ಫಲಿತಾಂಶವನ್ನು ಸೂಚಿಸುವ ಆಬ್ಜೆಕ್ಟ್) ಎಂದರೆ ಏನೆಂದು ತಿಳಿಯದು. ಫಂಕ್ಷನ್ ಮೊದಲ ಅವೇಟ್, ಅಂದರೆ ಫಲಿತಾಂಶಕ್ಕೆ ಕಾಯುವ ಸಾಲನ್ನು, ತಲುಪಿದ ಕ್ಷಣಕ್ಕೆ ಅದರ ದೃಷ್ಟಿಯಲ್ಲಿ ಆ ಸರದಿ ಮುಗಿದಂತೆ. ಕಾಯುತ್ತಿರುವ ಕೆಲಸ ಮುಗಿಯಿತೋ ಇಲ್ಲವೋ ಎಂದು ನೋಡದೆ ಅದು ಮುಂದಿನ ಸರದಿಯನ್ನು ಕರೆಯುತ್ತದೆ. ಪ್ರತಿ 500 ಮಿಲಿಸೆಕೆಂಡಿಗೆ ಒಂದು ಸರದಿ, ಪ್ರತಿ ಸರದಿಯಲ್ಲಿ ಸರ್ವರಿನಿಂದ ಉತ್ತರ ಬರಲು 2 ಸೆಕೆಂಡು ಎಂದಾದರೆ, ಯಾವುದೇ ಕ್ಷಣದಲ್ಲಿ ಸುಮಾರು ನಾಲ್ಕು ಸರದಿಗಳು ಅರ್ಧ ದಾರಿಯಲ್ಲಿರುತ್ತವೆ. ಆಗ ಕ್ಲಿಯರ್‌ಇಂಟರ್ವಲ್ ಕರೆದರೆ ಹೊಸ ಸರದಿ ಹುಟ್ಟುವುದಿಲ್ಲ, ಆದರೆ ಹುಟ್ಟಿರುವ ನಾಲ್ಕೂ ತಮ್ಮ ಅವೇಟ್ ಮುಗಿಸಿಕೊಂಡು ಉಳಿದ ಸಾಲುಗಳನ್ನು ನಡೆಸುತ್ತವೆ. ನಲ್ಲಿ ಮುಚ್ಚಿದ ಮೇಲೂ ಪೈಪಿನಲ್ಲಿ ಉಳಿದ ನೀರು ಬೀಳುವಂತೆ.

ಅರ್ಧ ದಾರಿಯ ಕೆಲಸವನ್ನೂ ತಡೆಯಬೇಕಿದ್ದರೆ ಎರಡು ಉಪಾಯಗಳಿವೆ. ‘ನಿಂತಿದೆ’ ಎಂಬ ಅರ್ಥದ ಒಂದು ಬೂಲಿಯನ್ ವೇರಿಯಬಲ್ ಇಟ್ಟುಕೊಂಡು, ಪ್ರತಿ ಅವೇಟ್ ಆದ ಮೇಲೂ ಅದನ್ನು ಪರೀಕ್ಷಿಸಿ, ನಿಜವಾಗಿದ್ದರೆ ಹಿಂದಿರುಗುವುದು ಮೊದಲನೆಯದು. ಅಬಾರ್ಟ್‌ಕಂಟ್ರೋಲರ್ ಬಳಸಿ, ಅದರ ಸಿಗ್ನಲನ್ನು ಸರ್ವರಿಗೆ ಕೋರಿಕೆ ಕಳಿಸುವ ಫೆಚ್ ಕರೆಗೆ ಕೊಟ್ಟು, ನಿಲ್ಲಿಸುವಾಗ ಅಬಾರ್ಟ್ ಕರೆಯುವುದು ಎರಡನೆಯದು. ಹಾಗೆ ಮಾಡಿದರೆ ಬ್ರೌಸರ್ ಆ ಉತ್ತರಕ್ಕೆ ಕಾಯುವುದನ್ನೇ ಬಿಡುತ್ತದೆ, ಫೆಚ್ ಕೊಟ್ಟ ಪ್ರಾಮಿಸ್ ಅಬಾರ್ಟ್‌ಎರರ್ ಎಂಬ ದೋಷದೊಂದಿಗೆ ತಿರಸ್ಕೃತವಾಗುತ್ತದೆ. ಆ ದೋಷವನ್ನು ಹಿಡಿದು ಸುಮ್ಮನಾಗಿಸುವುದು ನಿಮ್ಮ ಹೊಣೆ. ಸರ್ವರ್ ಆಗಲೇ ಸ್ವೀಕರಿಸಿಬಿಟ್ಟ ಕೋರಿಕೆಯನ್ನು ಅಬಾರ್ಟ್ ವಾಪಸು ತರಲಾರದು ಎಂಬುದನ್ನೂ ಮರೆಯಬಾರದು.

ಹಾಗಾದರೆ ಅಸಿಂಕ್ ಕೆಲಸಕ್ಕೆ ಸೆಟ್‌ಇಂಟರ್ವಲ್ ಬಳಸಲೇಬಾರದೇ?

ನನ್ನ ಅಭಿಪ್ರಾಯದಲ್ಲಿ ಬಳಸದಿರುವುದೇ ಮೇಲು. ವೈಲ್ ಲೂಪ್ ಒಂದನ್ನು ಬರೆದು, ಒಳಗೆ ಕೆಲಸಕ್ಕೆ ಅವೇಟ್ ಮಾಡಿ, ಅದು ಮುಗಿದ ಮೇಲೆ ಒಮ್ಮೆ ಮಾತ್ರ ಓಡುವ ಟೈಮರ್ ಆದ ಸೆಟ್‌ಟೈಮ್‌ಔಟ್ ಸುತ್ತ ಕಟ್ಟಿದ ಪ್ರಾಮಿಸ್ ಒಂದಕ್ಕೆ ಅವೇಟ್ ಮಾಡಿದರೆ, ಒಂದು ಸರದಿ ಮುಗಿಯದೆ ಇನ್ನೊಂದು ಆರಂಭವಾಗುವ ಪ್ರಶ್ನೆಯೇ ಬರುವುದಿಲ್ಲ. ನಿಲ್ಲಿಸಲು ಲೂಪಿನಿಂದ ಬ್ರೇಕ್ ಮಾಡಿದರೆ ಸಾಕು, ಗುರುತು ಕಳೆದುಕೊಳ್ಳುವ ಭಯವಿಲ್ಲ. ನೋಡ್‌ನಲ್ಲಿ ಇದಕ್ಕೆಂದೇ ಟೈಮರ್ಸ್/ಪ್ರಾಮಿಸಸ್ ಎಂಬ ಮಾಡ್ಯೂಲ್ ಇದೆ. ಅದರ ಸೆಟ್‌ಇಂಟರ್ವಲನ್ನು ಫಾರ್ ಅವೇಟ್ ಲೂಪಿನಲ್ಲಿ ಓಡಿಸಿ ಬ್ರೇಕ್ ಮಾಡಿದರೆ ಒಳಗಿನ ಟೈಮರೂ ತಾನಾಗಿ ತೆರವಾಗುತ್ತದೆ.

ಸೆಟ್‌ಟೈಮ್‌ಔಟ್ ತನ್ನನ್ನೇ ಮತ್ತೆ ಕರೆಯುವ ಸರಪಳಿ ರೂಪವನ್ನು ಬಳಸುವವರು ಒಂದು ವಿಷಯ ಗಮನಿಸಬೇಕು: ಪ್ರತಿ ಸರದಿಗೂ ಗುರುತು ಹೊಸದು. ಮೊದಲ ಗುರುತನ್ನಷ್ಟೇ ಇಟ್ಟುಕೊಂಡು ಕ್ಲಿಯರ್‌ಟೈಮ್‌ಔಟ್ ಕರೆದರೆ, ಎಂದೋ ಮುಗಿದುಹೋದ ಟೈಮರನ್ನು ನಿಲ್ಲಿಸಿದಂತಾಗುತ್ತದೆ.

ನಿರೀಕ್ಷಿಸಿದ ಅಂಶ ಪುಟದಲ್ಲಿ ಎಂದೂ ಬಾರದಿದ್ದರೆ?

ಟೈಮರ್ ಎಂದೂ ನಿಲ್ಲುವುದಿಲ್ಲ. ಯಶಸ್ಸಿನ ಷರತ್ತಿನ ಜೊತೆಗೆ ಕಾಲಮಿತಿಯೊಂದು ಇರಲೇಬೇಕು. ಮಿತಿಯನ್ನು ಸರದಿಗಳನ್ನು ಎಣಿಸಿ ಹಾಕುವ ರೂಢಿ ಇದೆ, ಸೆಕೆಂಡಿಗೊಂದರಂತೆ 30 ಸರದಿ ಆದರೆ 30 ಸೆಕೆಂಡು ಎಂಬ ಲೆಕ್ಕದಲ್ಲಿ. ಟ್ಯಾಬ್ ಮರೆಯಲ್ಲಿದ್ದಾಗ ಈ ಲೆಕ್ಕ ಕೆಡುತ್ತದೆ. ಕ್ರೋಮ್ ಮರೆಯಲ್ಲಿರುವ ಟ್ಯಾಬಿನ ಟೈಮರ್‌ಗಳನ್ನು ಸೆಕೆಂಡಿಗೆ ಒಂದು ಸಲಕ್ಕೆ ಇಳಿಸುತ್ತದೆ. 2021ರ ಜನವರಿಯಲ್ಲಿ ಬಂದ 88ನೇ ಆವೃತ್ತಿಯಿಂದೀಚೆಗೆ, ಪುಟ 5 ನಿಮಿಷಕ್ಕಿಂತ ಹೆಚ್ಚು ಕಾಲ ಮರೆಯಲ್ಲಿದ್ದು, ಧ್ವನಿ ಹೊರಡಿಸದೆ ಇದ್ದರೆ, ಇಂಥ ಮರುಕಳಿಸುವ ಟೈಮರ್‌ಗಳನ್ನು ನಿಮಿಷಕ್ಕೆ ಒಂದು ಸಲಕ್ಕೆ ಇಳಿಸುವುದೂ ಉಂಟು. ಆಗ 30 ಸರದಿ ಎಂದರೆ ಅರ್ಧ ಗಂಟೆ. ಆದ್ದರಿಂದ ಆರಂಭದಲ್ಲಿ ಪರ್ಫಾರ್ಮೆನ್ಸ್‌ನೌ ಕೊಟ್ಟ ಸಮಯವನ್ನು ಬರೆದಿಟ್ಟುಕೊಂಡು, ಪ್ರತಿ ಸರದಿಯಲ್ಲೂ ಎಷ್ಟು ಕಾಲ ಕಳೆದಿದೆ ಎಂದು ಅಳೆಯುವುದು ಉತ್ತಮ. ಡೇಟ್‌ನೌ ಕೂಡ ಬಹುಪಾಲು ಸಾಕಾಗುತ್ತದೆ, ಆದರೆ ಕಂಪ್ಯೂಟರಿನ ಗಡಿಯಾರವನ್ನು ಯಾರಾದರೂ ಬದಲಿಸಿದರೆ ಅದು ಹಿಂದೆ ಮುಂದೆ ಜಿಗಿಯುತ್ತದೆ.

ನೋಡ್ ಮೂಲಕ ಬ್ರೌಸರನ್ನು ನಡೆಸುವ ಸಾಧನವಾದ ಪಪೆಟಿಯರ್ ತಾನು ತೆರೆಯುವ ಕ್ರೋಮ್‌ನಲ್ಲಿ ಈ ನಿಧಾನಗೊಳಿಸುವಿಕೆಯನ್ನು ಪೂರ್ವನಿಯೋಜಿತವಾಗಿಯೇ ಆಫ್ ಮಾಡಿರುತ್ತದೆ. ಅದೇ ಕೋಡು ಅಲ್ಲಿ ಚೆನ್ನಾಗಿ ನಡೆದು, ಟ್ಯಾಂಪರ್‌ಮಂಕಿ ಎಂಬ ಎಕ್ಸ್‌ಟೆನ್ಶನ್ ಪುಟದಲ್ಲಿ ಓಡಿಸುವ ಯೂಸರ್‌ಸ್ಕ್ರಿಪ್ಟ್ ಆಗಿ ನಿಮ್ಮದೇ ಬ್ರೌಸರಿನಲ್ಲಿ ಹಾಕಿದಾಗ ತಡವರಿಸುವುದಕ್ಕೆ ಇದು ಒಂದು ಕಾರಣ.

ಪಪೆಟಿಯರ್ ಅಥವಾ ಅದರಂಥದೇ ಸಾಧನವಾದ ಪ್ಲೇರೈಟ್ ಸ್ಕ್ರಿಪ್ಟಿನಲ್ಲಿ ಟೈಮರ್ ಎಲ್ಲಿ ಓಡುತ್ತಿದೆ ಎಂದು ತಿಳಿಯುವುದು ಹೇಗೆ?

ಪೇಜ್‌ನ ಇವ್ಯಾಲ್ಯುಯೇಟ್‌ಗೆ ಕೊಟ್ಟ ಫಂಕ್ಷನ್ ಒಳಗೆ ಬರೆದ ಸೆಟ್‌ಇಂಟರ್ವಲ್ ಪುಟದೊಳಗೆ ಓಡುತ್ತದೆ. ಅದರ ಹೊರಗೆ ಬರೆದದ್ದು ನೋಡ್‌ನಲ್ಲಿ ಓಡುತ್ತದೆ. ಕಡತದಲ್ಲಿ ಇವೆರಡೂ ಅಕ್ಕಪಕ್ಕದ ಸಾಲುಗಳಾಗಿರಬಹುದು, ಆದರೆ ನಡೆಯುವುದು ಎರಡು ಬೇರೆ ಬೇರೆ ಪ್ರಕ್ರಿಯೆಗಳಲ್ಲಿ. ಪುಟದ ಟೈಮರನ್ನು ನೋಡ್‌ನ ಕ್ಲಿಯರ್‌ಇಂಟರ್ವಲ್ ನಿಲ್ಲಿಸಲಾರದು, ನೋಡ್‌ನ ಟೈಮರ್ ಪುಟಕ್ಕೆ ಕಾಣುವುದೂ ಇಲ್ಲ.

ಪುಟದೊಳಗಿನ ಟೈಮರನ್ನು ಹೊರಗಿನಿಂದ ನಿಲ್ಲಿಸಬೇಕಿದ್ದರೆ, ಇವ್ಯಾಲ್ಯುಯೇಟ್‌ನಿಂದ ಗುರುತನ್ನು ಹಿಂದಿರುಗಿಸಿ. ಅದು ಬರಿಯ ಸಂಖ್ಯೆಯಾದ್ದರಿಂದ ಗಡಿ ದಾಟಿ ನೋಡ್‌ಗೆ ಸುರಕ್ಷಿತವಾಗಿ ಬರುತ್ತದೆ. ನಿಲ್ಲಿಸುವಾಗ ಇನ್ನೊಂದು ಇವ್ಯಾಲ್ಯುಯೇಟ್ ಕರೆಗೆ ಆ ಸಂಖ್ಯೆಯನ್ನು ಆರ್ಗ್ಯುಮೆಂಟ್ ಆಗಿ ಕೊಟ್ಟು, ಪುಟದೊಳಗೇ ಕ್ಲಿಯರ್‌ಇಂಟರ್ವಲ್ ಕರೆಸಿ. ನಡುವೆ ಪುಟ ಬೇರೆ ವಿಳಾಸಕ್ಕೆ ಹೋಗಿದ್ದರೆ ಹಳೆಯ ಟೈಮರ್ ಆಗಲೇ ಸತ್ತಿರುತ್ತದೆ. ಹಳೆಯ ಸಂಖ್ಯೆ ಹೊಸ ಪುಟದ ಇನ್ಯಾವುದೋ ಟೈಮರಿಗೆ ಹೊಂದಿಬಿಡಬಹುದು. ಆದ್ದರಿಂದ ಪುಟ ಬದಲಾದಾಗ ಇಟ್ಟುಕೊಂಡ ಗುರುತನ್ನು ಅಳಿಸಿಬಿಡಿ.

ನೋಡ್ ಬದಿಯ ಟೈಮರಿನದು ಬೇರೆ ಕಥೆ. ಸೆಕೆಂಡಿಗೊಮ್ಮೆ ಪುಟವನ್ನು ಪ್ರಶ್ನಿಸುವ ಟೈಮರ್ ನೋಡ್‌ನಲ್ಲಿದ್ದು, ಅದನ್ನು ನಿಲ್ಲಿಸದೆ ಬ್ರೌಸರನ್ನು ಮುಚ್ಚಿದರೆ, ಮುಂದಿನ ಸರದಿ ಇಲ್ಲದ ಪುಟವನ್ನು ಕೇಳಹೋಗಿ ದೋಷದಲ್ಲಿ ಕೊನೆಗೊಳ್ಳುತ್ತದೆ. ಆದ್ದರಿಂದ ಮುಕ್ತಾಯದ ಸಾಲುಗಳನ್ನು ಫೈನಲಿ ಬ್ಲಾಕ್‌ನಲ್ಲಿ ಬರೆದು, ಮೊದಲು ಟೈಮರ್ ತೆರವು ಮಾಡಿ, ನಂತರ ಅರ್ಧ ದಾರಿಯಲ್ಲಿರುವ ಸರದಿ ಮುಗಿಯಲು ಕಾದು, ಕೊನೆಗೆ ಬ್ರೌಸರ್ ಮುಚ್ಚಬೇಕು. ಈ ಅನುಕ್ರಮ ಪಾಲಿಸಿದರೆ ‘ಕೆಲವೊಮ್ಮೆ ಮಾತ್ರ ಬರುವ’ ಎಷ್ಟೋ ದೋಷಗಳು ಕಾಣದಾಗುತ್ತವೆ.

ಸ್ಕ್ರಿಪ್ಟ್ ಮುಗಿದರೂ ಟರ್ಮಿನಲ್‌ನಲ್ಲಿ ನೋಡ್ ಹೊರಬರುವುದಿಲ್ಲ. ಟೈಮರ್ ಕಾರಣವಿರಬಹುದೇ?

ಇರಬಹುದು. ಜೀವಂತ ಟೈಮರ್ ಒಂದಿದ್ದರೂ ನೋಡ್ ತಾನಾಗಿ ಕೊನೆಗೊಳ್ಳುವುದಿಲ್ಲ. ಟೈಮರ್ ಆಬ್ಜೆಕ್ಟಿನ ಮೇಲೆ ಅನ್‌ರೆಫ್ ಕರೆದರೆ, ಆ ಟೈಮರ್‌ಗಾಗಿ ಪ್ರಕ್ರಿಯೆ ಕಾಯುವುದಿಲ್ಲ. ಲಾಗ್ ಬರೆಯುವಂಥ ಪಕ್ಕದ ಕೆಲಸಗಳಿಗೆ ಅದು ಸರಿ. ಮುಖ್ಯ ಕೆಲಸದ ಟೈಮರನ್ನು ಕೈಯಾರೆ ತೆರವು ಮಾಡುವುದೇ ಸರಿ. ಪ್ರೋಸೆಸ್‌ನ ಎಕ್ಸಿಟ್ ಕರೆದು ಬಲವಂತವಾಗಿ ಮುಗಿಸಿದರೆ ಮೂಲ ತೊಂದರೆ ಮುಚ್ಚಿಹೋಗುತ್ತದೆಯೇ ಹೊರತು ಬಗೆಹರಿಯುವುದಿಲ್ಲ.

ಇನ್ನೊಂದು ಆಟೊಮೇಶನ್ ಸಾಧನವಾದ ಸೆಲೆನಿಯಮ್‌ನಲ್ಲಿ ಎಕ್ಸಿಕ್ಯೂಟ್‌ಸ್ಕ್ರಿಪ್ಟ್ ಮೂಲಕ ಆರಂಭಿಸಿದ ಟೈಮರನ್ನು ಮುಂದಿನ ಕರೆಯಲ್ಲಿ ನಿಲ್ಲಿಸಲು ಆಗುತ್ತಿಲ್ಲ.

ಎಕ್ಸಿಕ್ಯೂಟ್‌ಸ್ಕ್ರಿಪ್ಟ್‌ಗೆ ಕೊಟ್ಟ ಕೋಡು ಹೆಸರಿಲ್ಲದ ಫಂಕ್ಷನ್ ಒಂದರ ದೇಹವಾಗಿ ಓಡುತ್ತದೆ. ಅದರೊಳಗೆ ಘೋಷಿಸಿದ ವೇರಿಯಬಲ್ ಆ ಕರೆಯೊಂದಿಗೇ ಕಣ್ಮರೆಯಾಗುತ್ತದೆ. ಗುರುತನ್ನು ರಿಟರ್ನ್ ಮಾಡಿ ನಿಮ್ಮ ಬಳಿ ಇಟ್ಟುಕೊಳ್ಳಿ, ಇಲ್ಲವೇ ಪುಟದ ಸ್ವಂತ ಹೆಸರುಗಳೊಂದಿಗೆ ಘರ್ಷಿಸದಂಥ ಉದ್ದನೆಯ ಹೆಸರಿನಲ್ಲಿ ವಿಂಡೋ ಮೇಲೆ ಬರೆದಿಡಿ.

ಪುಟ ಬದಲಾದರೆ ಟೈಮರ್ ತಾನಾಗಿ ನಿಲ್ಲುವುದಿಲ್ಲವೇ?

ಪುಟ ನಿಜವಾಗಿ ಹೊಸದಾಗಿ ಲೋಡ್ ಆದರೆ ನಿಲ್ಲುತ್ತದೆ. ಆದರೆ ಇಂದಿನ ಎಷ್ಟೋ ಜಾಲತಾಣಗಳಲ್ಲಿ ಕೊಂಡಿ ಒತ್ತಿದಾಗ ವಿಳಾಸಪಟ್ಟಿಯ ಅಕ್ಷರಗಳು ಬದಲಾದರೂ ಡಾಕ್ಯುಮೆಂಟ್ ಹಳೆಯದೇ ಇರುತ್ತದೆ. ಹಿಸ್ಟರಿಯ ಪುಶ್‌ಸ್ಟೇಟ್ ಮೂಲಕ ವಿಳಾಸವನ್ನಷ್ಟೇ ಬದಲಿಸಿ, ಒಳಗಿನ ಭಾಗಗಳನ್ನು ಹೊಸದಾಗಿ ಬರೆಯಲಾಗುತ್ತದೆ. ಅಂಥಲ್ಲಿ ನಿಮ್ಮ ಟೈಮರ್ ಜೀವಂತವಾಗಿದ್ದು, ತನಗೆ ಸಂಬಂಧವಿಲ್ಲದ ಪರದೆಯಲ್ಲಿ ಅದೇ ಸೆಲೆಕ್ಟರ್ ಹುಡುಕುತ್ತಿರುತ್ತದೆ. ಪ್ರತಿ ಸರದಿಯ ಆರಂಭದಲ್ಲಿ ಲೊಕೇಶನ್‌ನ ವಿಳಾಸ ನಿರೀಕ್ಷಿಸಿದ್ದೇ ಎಂದು ನೋಡಿ, ಅಲ್ಲದಿದ್ದರೆ ನಿಲ್ಲಿಸುವುದು ಸುರಕ್ಷಿತ.

ಇನ್ನೊಂದು ಸಂದರ್ಭ ಹಿಂದಕ್ಕೆ ಹೋಗುವ ಬಟನ್ನಿನದು. ಬ್ರೌಸರ್ ಕೆಲವು ಪುಟಗಳನ್ನು ಇದ್ದಹಾಗೇ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಆಗ ಟೈಮರ್ ಸಾಯುವುದಿಲ್ಲ, ತಡೆಹಿಡಿಯಲ್ಪಡುತ್ತದೆ, ಬಳಕೆದಾರರು ಹಿಂದಿರುಗಿದಾಗ ಮತ್ತೆ ಓಡತೊಡಗುತ್ತದೆ. ಪೇಜ್‌ಹೈಡ್ ಘಟನೆಯಲ್ಲಿ ತೆರವು ಮಾಡಿದರೆ ಈ ಅನಿರೀಕ್ಷಿತ ಪುನರಾರಂಭ ತಪ್ಪುತ್ತದೆ.

ಬ್ರೌಸರ್ ಎಕ್ಸ್‌ಟೆನ್ಶನ್‌ನ ಹಿನ್ನೆಲೆಯ ಸ್ಕ್ರಿಪ್ಟಿನಲ್ಲಿ ನಾನು ನಿಲ್ಲಿಸದಿದ್ದರೂ ಟೈಮರ್ ನಿಲ್ಲುತ್ತಿದೆ. ಏಕೆ?

ಕ್ರೋಮ್‌ನ ಮ್ಯಾನಿಫೆಸ್ಟ್ 3 ಎಕ್ಸ್‌ಟೆನ್ಶನ್‌ಗಳಲ್ಲಿ ಹಿನ್ನೆಲೆಯ ಕೆಲಸ ಸರ್ವಿಸ್ ವರ್ಕರ್‌ನಲ್ಲಿ (ಬೇಕಾದಾಗ ಮಾತ್ರ ಎಚ್ಚರಗೊಳ್ಳುವ ಹಿನ್ನೆಲೆಯ ಸ್ಕ್ರಿಪ್ಟ್) ನಡೆಯುತ್ತದೆ; 30 ಸೆಕೆಂಡು ಯಾವ ಘಟನೆಯೂ ಬಾರದಿದ್ದರೆ ಬ್ರೌಸರ್ ಅದನ್ನು ಮುಚ್ಚುತ್ತದೆ, ಟೈಮರೂ ಅದರೊಂದಿಗೆ ಹೋಗುತ್ತದೆ. ಅಲ್ಲಿ ಅಲಾರ್ಮ್ಸ್ ಎಪಿಐ ಬಳಸಬೇಕು.

ಗುರುತು ಕಳೆದುಹೋಗಿದೆ. 1ರಿಂದ ದೊಡ್ಡ ಸಂಖ್ಯೆಯವರೆಗೆ ಲೂಪ್ ಓಡಿಸಿ ಎಲ್ಲವನ್ನೂ ತೆರವು ಮಾಡಬಹುದೇ?

ತಾಂತ್ರಿಕವಾಗಿ ಇದು ಕೆಲಸ ಮಾಡುತ್ತದೆ, ಸೆಟ್‌ಟೈಮ್‌ಔಟ್ ಮತ್ತು ಸೆಟ್‌ಇಂಟರ್ವಲ್ ಎರಡೂ ಒಂದೇ ಪಟ್ಟಿಯಿಂದ ಗುರುತು ಪಡೆಯುವುದರಿಂದ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಆದರೆ ಹೋಗುವುದು ನಿಮ್ಮದಷ್ಟೇ ಅಲ್ಲ: ಲಾಗಿನ್ ಅವಧಿಯನ್ನು ನವೀಕರಿಸುವ, ಬರೆದದ್ದನ್ನು ತಾನಾಗಿ ಉಳಿಸುವ ಪುಟದ ಸ್ವಂತ ಟೈಮರ್‌ಗಳೂ ಸಾಯುತ್ತವೆ. ಕನ್ಸೋಲ್‌ನಲ್ಲಿ ತುರ್ತಾಗಿ ಒಮ್ಮೆ ಬಳಸಬಹುದಾದ ಉಪಾಯ ಇದು. ಸ್ಕ್ರಿಪ್ಟಿನಲ್ಲಿ ಇದಕ್ಕೆ ಜಾಗವಿಲ್ಲ. ನಿಮ್ಮ ಟೈಮರ್‌ಗಳು ಹಲವಿದ್ದರೆ ಅವುಗಳ ಗುರುತನ್ನು ಒಂದು ಸೆಟ್‌ನಲ್ಲಿ ಸೇರಿಸುತ್ತಾ ಹೋಗಿ, ಮುಗಿಸುವಾಗ ಅದರಲ್ಲಿರುವುದನ್ನಷ್ಟೇ ತೆರವು ಮಾಡಿ.

ಟೈಮರ್ ಇಲ್ಲದೆಯೇ ಕಾಯಲು ಸಾಧ್ಯವೇ?

ಹೆಚ್ಚಿನ ಸಂದರ್ಭಗಳಲ್ಲಿ ಸಾಧ್ಯ, ಮತ್ತು ನಿಲ್ಲಿಸಬೇಕಾದದ್ದೇ ಇಲ್ಲದಿದ್ದರೆ ನಿಲ್ಲಿಸುವುದರಲ್ಲಿ ತಪ್ಪಾಗುವುದಿಲ್ಲ. ಪ್ಲೇರೈಟ್‌ನ ಲೊಕೇಟರ್ ಮೂಲಕ ಒತ್ತುವಾಗ ಅಂಶ ಕಾಣಿಸಿಕೊಂಡು ಒತ್ತಲು ಸಿದ್ಧವಾಗುವವರೆಗೆ ಅದೇ ಕಾಯುತ್ತದೆ. ಪಪೆಟಿಯರ್‌ನಲ್ಲಿ ವೇಟ್‌ಫಾರ್‌ಸೆಲೆಕ್ಟರ್ ಮತ್ತು ವೇಟ್‌ಫಾರ್‌ಫಂಕ್ಷನ್, ಸೆಲೆನಿಯಮ್‌ನಲ್ಲಿ ಡ್ರೈವರಿನ ವೇಟ್ ಇವೆ. ಇವೆಲ್ಲಕ್ಕೂ ಕಾಲಮಿತಿ ಕೊಡಬಹುದು, ಮಿತಿ ಮೀರಿದರೆ ಸ್ಪಷ್ಟ ದೋಷ ಬರುತ್ತದೆ. ಯೂಸರ್‌ಸ್ಕ್ರಿಪ್ಟ್‌ನಲ್ಲಿ ಮ್ಯುಟೇಶನ್‌ಅಬ್ಸರ್ವರ್ ಇದೆ. ಪುಟದ ರಚನೆ ಬದಲಾದಾಗ ಮಾತ್ರ ಅದು ನಿಮ್ಮ ಫಂಕ್ಷನನ್ನು ಕರೆಯುತ್ತದೆ. ಅದನ್ನೂ ಡಿಸ್‌ಕನೆಕ್ಟ್ ಮಾಡಿ ನಿಲ್ಲಿಸಬೇಕು, ಮೊದಲು ನಿಲ್ಲಿಸಿ ಆಮೇಲೆ ಕೆಲಸ ಎಂಬ ಕ್ರಮ ಅಲ್ಲಿಯೂ ಸಲ್ಲುತ್ತದೆ. ಹೊರಗಿನ ಸರ್ವರಿನ ಸ್ಥಿತಿಯನ್ನು ಕೇಳುತ್ತಿರಬೇಕಾದ ಕೆಲಸಕ್ಕೆ ಮಾತ್ರ ಟೈಮರ್ ಬಿಟ್ಟು ಬೇರೆ ದಾರಿ ಇಲ್ಲದಿರಬಹುದು. ಆಗ ನಡುವಿನ ಅಂತರವನ್ನು ಉದಾರವಾಗಿ ಇಡಿ.

ಟೈಮರ್ ನಿಜವಾಗಿ ನಿಂತಿದೆ ಎಂದು ಪರೀಕ್ಷಿಸುವುದು ಹೇಗೆ?

ಸರಳವಾದದ್ದು, ಪ್ರತಿ ಸರದಿಯಲ್ಲಿ ಗುರುತನ್ನೂ ಸಮಯವನ್ನೂ ಕನ್ಸೋಲ್‌ಗೆ ಬರೆಯುವುದು. ಎರಡು ಬೇರೆ ಗುರುತುಗಳು ಕಂಡರೆ ಎರಡು ಟೈಮರ್‌ಗಳಿವೆ ಎಂದರ್ಥ. ಬರೆಯುವ ಗುರುತು ಆ ಟೈಮರಿನದೇ ಆಗಿರಬೇಕು: ಆರಂಭಿಸುವ ಫಂಕ್ಷನ್ ಒಳಗೆ ಕಾನ್ಸ್ಟ್‌ನಲ್ಲಿ ಹಿಡಿದದ್ದನ್ನು ಬರೆಯಿರಿ, ಎಲ್ಲರೂ ಹಂಚಿಕೊಂಡ ವೇರಿಯಬಲ್ಲನ್ನು ಬರೆದರೆ ಎರಡೂ ಟೈಮರ್‌ಗಳು ಒಂದೇ ಸಂಖ್ಯೆ ತೋರಿಸುತ್ತವೆ.

ಪ್ಲೇರೈಟ್ ಬಳಸುವವರಿಗೆ 1.45ನೇ ಆವೃತ್ತಿಯಿಂದ ಪೇಜ್‌ನ ಕ್ಲಾಕ್ ಸಿಕ್ಕಿದೆ. ಪುಟ ತೆರೆಯುವ ಮುನ್ನ ಇನ್‌ಸ್ಟಾಲ್ ಕರೆದರೆ ಪುಟದ ಗಡಿಯಾರ ನಿಮ್ಮ ಹಿಡಿತಕ್ಕೆ ಬರುತ್ತದೆ. ನಿಲ್ಲಿಸುವ ಷರತ್ತನ್ನು ಪೂರೈಸಿ, ರನ್‌ಫಾರ್ ಮೂಲಕ ಒಂದು ಗಂಟೆ ಮುಂದೆ ಓಡಿಸಿ, ಫಂಕ್ಷನ್ ಮತ್ತೆ ಕರೆಯಲ್ಪಟ್ಟಿತೇ ಎಂದು ಎಣಿಸಿ ನೋಡಬಹುದು. ಇಲ್ಲಿ ಫಾಸ್ಟ್‌ಫಾರ್ವರ್ಡ್ ಬೇಡ: ಅದು ಕಾಲವನ್ನು ಒಂದೇ ಜಿಗಿತದಲ್ಲಿ ದಾಟಿಸಿ, ಬಾಕಿಯಿರುವ ಪ್ರತಿ ಟೈಮರನ್ನು ಹೆಚ್ಚೆಂದರೆ ಒಂದು ಸಲ ಕರೆಯುತ್ತದೆ, ರನ್‌ಫಾರ್ ನಡುವಿನ ಎಲ್ಲ ಸರದಿಗಳನ್ನೂ ನಡೆಸುತ್ತದೆ. ಎಣಿಕೆ ಸೊನ್ನೆಯಾಗಿದ್ದರೆ ಟೈಮರ್ ನಿಂತಿದೆ.